ಅಣ್ಣ ಕುಣಿದ ದ್ವೀಪ

ಡೌನರ್ಸ್ ಗ್ರೋವ್

ಅಮೆರಿಕಕ್ಕೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿದರೆ ಅವರು ನಯಾಗರ ಎನ್ನಬೇಕು. ನಾನು ನಯಾಗರ ನೋಡಲಿಲ್ಲ. ಕುದುರೆ ಲದ್ದಿಯ ವಾಸನೆ ಹೊಡೆಯುವ ಒಂದು ದ್ವೀಪಕ್ಕೆ ಹೋಗಿ, ಅಲ್ಲಿನ ಡಾನ್ಸ್ ಕ್ಲಬ್ಬಿನಲ್ಲಿ ಕುಣಿದು ಬಂದೆ. ನಿವೃತ್ತ ಹೆಡ್‌ಮಿಸ್ಸು, ಎರಡೂ ಮೊಣಕಾಲಿಗೆ ನೋವಿನೆಣ್ಣೆ ಹಚ್ಚಿಕೊಂಡು. ಮೈಸೂರಿಗೆ ಬಂದ ಮೇಲೆ ಅಕ್ಕಪಕ್ಕದವರಿಗೆ ಇದನ್ನು ಹೇಳಿ ನೋಡಿದೆ. ಅವರೆಲ್ಲ ಹಾಗಾದರೆ ನಯಾಗರ ಯಾಕೆ ನೋಡಲಿಲ್ಲ ಎಂದೇ ಕೇಳಿದರು.

ವಿಮಾನ ನನ್ನನ್ನು ಇಳಿಸಿದ್ದು ಶಿಕಾಗೋದಲ್ಲಿ. ಅಲ್ಲಿಗೆ ಹತ್ತಿರದ ಡೌನರ್ಸ್ ಗ್ರೋವ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿ ರಘು ಇದ್ದಾನೆ. ಒಂಬತ್ತನೇ ತರಗತಿಯಲ್ಲಿದ್ದಾಗ ಅವನ ತಂದೆಯನ್ನು ಕರೆಸಿ, ನಿಮ್ಮ ಮಗನಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದು ಮುಖಕ್ಕೇ ಹೇಳಿದ್ದೆ. ಈಗ ಅವನು ಯಾವುದೋ ಬ್ಯಾಂಕಿನ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಾನೆ. ಆದರೂ ನನ್ನ ಮುಂದೆ ಸೋಫಾದ ತುದಿಯಲ್ಲೇ ಕೂತ. ಇರುವುದನ್ನು ಇದ್ದ ಹಾಗೆ ಹೇಳುವುದು ನನ್ನ ಸ್ವಭಾವ. ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಡೆಟ್ರಾಯ್ಟ್ ಬಳಿ ಇರುವ ನನ್ನ ಅತ್ತಿಗೆ ಕರೆದಿದ್ದಾರೆ, ಅವರ ಜೊತೆ ಸರೋವರದ ನಡುವಿನ ಮ್ಯಾಕಿನಾ ದ್ವೀಪಕ್ಕೆ ಹೋಗುವುದಿದೆ ಎಂದಾಗ ರಘುವಿಗೆ ಉತ್ಸಾಹ ಬಂತು.

“ಸೂಪರ್ ಜಾಗ ಮಿಸ್. ಆದ್ರೆ ಡೇ ಟ್ರಿಪ್ ಸಾಕು. ನಾವೆಲ್ಲ ಪುಳಿಯೋಗರೆ ಪ್ಯಾಕ್ ಮಾಡ್ಕೊಂಡ್ ಹೋಗ್ತೀವಿ, ದ್ವೀಪದ ಸುತ್ತ ಸೈಕಲ್ ಹೊಡೀತೀವಿ, ಲಾಸ್ಟ್ ಫೆರಿ ಹಿಡಿದು ವಾಪಸ್ ಬಂದ್ಬಿಡ್ತೀವಿ. ರಾತ್ರಿ ಅಲ್ಲಿ ನಮ್ಮೋರು ಯಾರೂ ಇರಲ್ಲ.”

ಅವನ ಆರು ವರ್ಷದ ಮಗಳು ನನ್ನ ಸೆರಗು ಎಳೆದು, “ಅಜ್ಜಿ, ದೇರ್ ಆರ್ ನೋ ಕಾರ್ಸ್ ದೇರ್! ಓನ್ಲಿ ಹಾರ್ಸಸ್!” ಎಂದಳು. ನಮ್ಮ ಮೈಸೂರಲ್ಲೂ ಟಾಂಗಾ ಇದೆ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಶಿಕಾಗೋ ಪೇಟೆ ತೋರಿಸಲು ರಘು ರೈಲಿನಲ್ಲಿ ಕರೆದುಕೊಂಡು ಹೋದ. ಬೋಗಿಯ ತುಂಬ ಜನ, ಒಂದು ಮಾತಿಲ್ಲ. ನಾನು ಪಕ್ಕದವಳನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಿದೆ. ಅದು ಮಾತಾಡಬಾರದ ಬೋಗಿಯಂತೆ. ಆಕೆ ಗೋಡೆಗೆ ಅಂಟಿಸಿದ ಬೋರ್ಡನ್ನು ಮೆಲ್ಲಗೆ ಬೆರಳಲ್ಲಿ ತೋರಿಸಿದಳು. ಇಷ್ಟು ವರ್ಷ ಮಕ್ಕಳಿಗೆ ಸೈಲೆನ್ಸ್ ಎಂದು ಕೂಗಿದವಳು ನಾನು. ನನಗೆ ಅದನ್ನು ಹೇಳಿಸಿಕೊಳ್ಳಲು ಇಷ್ಟು ದೂರ ಬರಬೇಕಾಯಿತು.

ರಾಚೆಸ್ಟರ್ ಹಿಲ್ಸ್

ಡೆಟ್ರಾಯ್ಟ್ ಬಳಿಯ ಈ ಊರಿನಲ್ಲಿ ನನ್ನ ಅಣ್ಣ ಶ್ರೀನಿವಾಸ ಮೂವತ್ತು ವರ್ಷ ಇದ್ದ. ಕಾರುಗಳಿಗೆ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ. ಕಳೆದ ಜನವರಿಯಲ್ಲಿ ಒಂದು ಬೆಳಿಗ್ಗೆ ಮನೆ ಮುಂದಿನ ಹಿಮ ಬಾಚಿ, ಒಳಗೆ ಬಂದು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ನನಗೆ ವೀಸಾ ಸಿಗುವ ಹೊತ್ತಿಗೆ ಸೆಪ್ಟೆಂಬರ್ ಆಗಿತ್ತು. ಆ ಹಿಮ ಎಂದೋ ಕರಗಿ, ಬೇಸಿಗೆಯೂ ಮುಗಿದು, ಮೇಪಲ್ ಮರಗಳು ಕೆಂಪಾಗುತ್ತಿದ್ದವು.

ಅಣ್ಣನ ಮನೆಗೆ ಅಣ್ಣ ಇಲ್ಲದಾಗ ಹೋಗುವುದು ಎಂಥ ಕಷ್ಟ ಎಂದು ಹೋದ ಮೇಲೆಯೇ ಗೊತ್ತಾದದ್ದು. ಗರಾಜಿನಲ್ಲಿ ಅವನ ಬೂಟುಗಳು, ಬಾಗಿಲ ಹಿಂದೆ ಅವನ ಕೋಟು. ಬೆಳಿಗ್ಗೆ ವಾಕಿಂಗ್ ಹೋದರೆ ಸಬ್‌ಡಿವಿಷನ್ ಎನ್ನುವ ಆ ಬಡಾವಣೆಯ ಮನೆಗಳೆಲ್ಲ ಒಂದೇ ತರಹ. ಮೊದಲ ದಿನವೇ ಯಾರದೋ ಮನೆಯ ಬಾಗಿಲ ಹಿಡಿ ತಿರುಗಿಸಿ ನಾಯಿಯಿಂದ ಬೈಸಿಕೊಂಡೆ. ಅಣ್ಣ ಇದ್ದಿದ್ದರೆ ಇಡೀ ದಿನ ನಗುತ್ತಿದ್ದ. ಓಡಿ ಬಂದು ಹೇಳಬೇಕು ಅನ್ನಿಸಿತು, ಹೇಳಲು ಅವನಿರಲಿಲ್ಲ.

ನಳಿನಿ ಅತ್ತಿಗೆ ಹೆಚ್ಚು ಮಾತಿನವರಲ್ಲ. ಹುಡುಗಿಯಾಗಿದ್ದಾಗ ಮೈಸೂರಲ್ಲಿ ಭರತನಾಟ್ಯ ಕಲಿತವರು. ಈಗಲೂ ನಡೆಯುವಾಗ ಬೆನ್ನು ನೆಟ್ಟಗೆ ಇರುತ್ತದೆ. ಮೂರನೆಯ ದಿನ ಕಾಫಿ ಕೊಟ್ಟು ಎದುರಿಗೆ ಕೂತರು.

“ಜಯಾ, ಎಲ್ಲರಿಗೂ ಹೇಳಾಯ್ತು. ಆಫೀಸು, ಟೆಂಪಲ್ಲು, ಕನ್ನಡ ಸಂಘದೋರು, ಡೆಂಟಿಸ್ಟು. ಒಬ್ಬರಿಗೆ ಮಾತ್ರ ಹೇಳಿಲ್ಲ.”

“ಯಾರಿಗೆ ಅತ್ತಿಗೆ?”

“ಮ್ಯಾಕಿನಾದಲ್ಲಿ ಒಂದು ಸಣ್ಣ ಡಾನ್ಸ್ ಕ್ಲಬ್ ಇದೆ. ಅದರ ಓನರ್ ವಾಲ್ಟ್‌ಗೆ.”

ನಾನು ಲೋಟ ಕೆಳಗಿಟ್ಟೆ. ಅತ್ತಿಗೆ ನೆಲ ನೋಡುತ್ತ ಹೇಳಿದರು. ಬಹಳ ವರ್ಷದ ಹಿಂದೆ ಒಂದು ಜೂನಿನಲ್ಲಿ ಗಾಳಿ ಜೋರಾಗಿ, ದಂಡೆಗೆ ಮರಳುವ ಫೆರಿ ದೋಣಿ ನಿಂತುಹೋಗಿತ್ತು. ಅಣ್ಣ, ಅತ್ತಿಗೆ ಇಬ್ಬರೂ ದ್ವೀಪದಲ್ಲೇ ಉಳಿಯಬೇಕಾಯಿತು. ರಾತ್ರಿ ಚಳಿ ತಡೆಯಲಾರದೆ ಬೆಳಕು ಕಂಡ ಕಡೆ ನುಗ್ಗಿದ್ದಾರೆ. ಅದು ಕ್ಲಬ್ಬು. ಅಂದಿನಿಂದ ಪ್ರತಿ ಜೂನಿನಲ್ಲೂ ಒಂದು ರಾತ್ರಿ ಅಲ್ಲಿಗೆ ಹೋಗುತ್ತಿದ್ದರು.

“ನಿಮ್ಮಣ್ಣ ಕುಣೀತಿದ್ರು ಜಯಾ.”

“ನಮ್ಮ ಅಣ್ಣ?”

ನನಗೆ ನಿಜವಾಗಿಯೂ ನಂಬಿಕೆ ಬರಲಿಲ್ಲ. ಮದುವೆ ಮನೆಗಳಲ್ಲಿ ಹುಡುಗರೆಲ್ಲ ಮೆರವಣಿಗೆಯ ಮುಂದೆ ಕುಣಿಯುವಾಗ ಅಣ್ಣ ಹಿಂದೆ ನಿಂತು ಚಪ್ಪಲಿ ಕಾಯುತ್ತಿದ್ದ. ದಸರಾದಲ್ಲಿ ಬ್ಯಾಂಡಿನ ಸದ್ದಿಗೆ ಆನೆಯಾದರೂ ಕಿವಿ ಅಲ್ಲಾಡಿಸುತ್ತದೆ, ಅಣ್ಣ ಅಷ್ಟೂ ಇಲ್ಲ.

“ಇಲ್ಲಿ ನಮ್ಮೋರಿಗೆ ಯಾರಿಗೂ ಗೊತ್ತಿಲ್ಲ,” ಎಂದರು ಅತ್ತಿಗೆ. “ಅಲ್ಲಿ ಯಾರೂ ನೋಡೋರಿರಲಿಲ್ಲವಲ್ಲ, ಅದಕ್ಕೇ ಕುಣೀತಿದ್ರು. ಈ ಜೂನಿನಲ್ಲಿ ನಾವು ಹೋಗಲಿಲ್ಲ. ವಾಲ್ಟ್ ಕಾಯ್ತಿರ್ತಾನೆ. ಹೇಳ್ಬೇಕು.”

“ಫೋನ್ ಮಾಡಬಹುದಿತ್ತಲ್ಲ?”

“ಮಾಡಿದೆ. ಅವನು ಹಲೋ ಅಂದ. ಹಿಂದೆ ಹಾಡು ಕೇಳಿಸ್ತಿತ್ತು. ಇಟ್ಬಿಟ್ಟೆ.” ಕಾಫಿ ಲೋಟ ಪಕ್ಕಕ್ಕೆ ಸರಿಸಿ ಹೇಳಿದರು: “ನೀನು ಹೇಳು ಜಯಾ. ಊರಲ್ಲಿ ಎಲ್ಲರಿಗೂ ನೀನೇ ತಾನೆ ಹೇಳಿದ್ದು? ನನ್ನ ಕೈಲಿ ಆಗಲ್ಲ.”

ಅದು ನಿಜ. ಅಣ್ಣ ಹೋದ ದಿನ ನೆಂಟರಿಗೆಲ್ಲ ಫೋನು ಮಾಡಿದವಳು ನಾನೇ. ಧ್ವನಿ ನಡುಗಿಸದೆ, ಒಬ್ಬೊಬ್ಬರಿಗೂ ಒಂದೇ ಮಾತು ಹೇಳಿದ್ದೆ. ಗುರುತಿಲ್ಲದ ಕ್ಲಬ್ಬಿನವನಿಗೆ ಹೇಳುವುದು ಏನು ಮಹಾ ಎನ್ನಿಸಿತು.

“ಹೇಳ್ತೀನಿ ಬಿಡಿ ಅತ್ತಿಗೆ, ಒಂದು ವಾಕ್ಯ ತಾನೆ,” ಎಂದೆ.

ಉತ್ತರದ ಹೆದ್ದಾರಿ

ಕಾರು ಓಡಿಸಿದವರು ಅತ್ತಿಗೆಯೇ. ಅಣ್ಣ ಉದ್ದದ ಮನುಷ್ಯ, ಅತ್ತಿಗೆ ಗಿಡ್ಡ. ಡ್ರೈವರ್ ಸೀಟು ಇನ್ನೂ ಅಣ್ಣನ ಕಾಲಿಗೆ ಹೊಂದಿಸಿದ ಜಾಗದಲ್ಲೇ ಇತ್ತು. ಅದನ್ನು ಮುಂದಕ್ಕೆ ಎಳೆದುಕೊಳ್ಳುವ ಬದಲು ಬೆನ್ನ ಹಿಂದೆ ಎರಡು ದಿಂಬು ಇಟ್ಟುಕೊಂಡು ಓಡಿಸಿದರು. ಸೀಟು ಸರಿಸಿಕೊಳ್ಳಿ, ಬೆನ್ನು ಹಿಡಿದುಕೊಳ್ಳುತ್ತೆ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ.

ಹೆದ್ದಾರಿಯ ಎರಡೂ ಕಡೆ ಮರ, ಮರ, ಮತ್ತೆ ಮರ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಹತ್ತು ಕಡೆ ಕಾಫಿ ಕುಡಿದು, ಇಬ್ಬರ ಜೊತೆ ಜಗಳ ಆಡಿ ಆಗಿರುತ್ತಿತ್ತು. ಇಲ್ಲಿ ಹಾರ್ನೂ ಇಲ್ಲ, ಬೈಗುಳವೂ ಇಲ್ಲ. ಉತ್ತರಕ್ಕೆ ಹೋದ ಹಾಗೆ ಊರುಗಳಿಗೆ ಇಳಿಯುವ ಎಕ್ಸಿಟ್‌ಗಳು ದೂರ ದೂರವಾದವು. ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ಬೆಂಚಿನ ಮೇಲೆ ಕೂತು ಚಪಾತಿ ಪಲ್ಯ ತಿಂದೆವು. ಅತ್ತಿಗೆ ಡಬ್ಬಿ ಮುಚ್ಚುವಾಗ ನೋಡಿದೆ, ಮೂರು ಜನಕ್ಕೆ ಆಗುವಷ್ಟು ತಂದಿದ್ದರು. ಅವರೂ ನೋಡಿದರು.

ನಾನು ಮನಸ್ಸಿನಲ್ಲೇ ಇಂಗ್ಲಿಷ್ ವಾಕ್ಯ ಜೋಡಿಸಿಕೊಳ್ಳುತ್ತಿದ್ದೆ. ಮೈ ಬ್ರದರ್ ಪಾಸ್ಡ್ ಅವೇ ಇನ್ ಜನವರಿ. ಇಷ್ಟೇ. ಆದರೆ ಅತ್ತಿಗೆಯ ದಿಂಬುಗಳನ್ನು ನೋಡಿದಾಗಲೆಲ್ಲ ಆ ವಾಕ್ಯ ಎಲ್ಲೋ ಒಂದು ಕಡೆ ಮುರಿಯುತ್ತಿತ್ತು.

ದ್ವೀಪ

ಫೆರಿ ಇಳಿದ ಕೂಡಲೇ ಮೂಗಿಗೆ ಬಡಿದದ್ದು ಕುದುರೆಯ ವಾಸನೆ. ನಮ್ಮ ಟಾಂಗಾ ಸ್ಟ್ಯಾಂಡಿನದೇ ವಾಸನೆ, ಸ್ವಲ್ಪವೂ ವ್ಯತ್ಯಾಸವಿಲ್ಲ. ಸರೋವರದ ಆಚೆ ದಂಡೆಯಿಂದ ಬಂದವರೆಲ್ಲ ಮೂಗು ಮುಚ್ಚಿಕೊಂಡರು, ನನಗೆ ಮಾತ್ರ ಊರು ನೆನಪಾಗಿ ಕಣ್ಣು ತುಂಬಿತು. ಕಾರು, ಬಸ್ಸು ಏನೂ ಇಲ್ಲದ ದ್ವೀಪ. ಕಸ ಸಾಗಿಸುವುದೂ ಕುದುರೆ ಗಾಡಿಯೇ. ಗಾಡಿ ಹೋದ ಮೇಲೆ ಒಬ್ಬ ಬಂದು ಲದ್ದಿ ಬಾಚಿಕೊಂಡು ಹೋಗುತ್ತಿದ್ದ, ಅಷ್ಟು ಶಿಸ್ತನ್ನು ಮಾತ್ರ ನಮ್ಮ ಟಾಂಗಾ ಸ್ಟ್ಯಾಂಡಿನಲ್ಲಿ ನೋಡಿರಲಿಲ್ಲ.

ಬೀದಿಯುದ್ದಕ್ಕೂ ಫಜ್ ಎನ್ನುವ ಸಿಹಿತಿಂಡಿಯ ಅಂಗಡಿಗಳು. ಬಿಸಿ ಪಾಕವನ್ನು ಅಮೃತಶಿಲೆಯ ಮೇಜಿನ ಮೇಲೆ ಸುರಿದು, ಮಗುಚಿ ಮಗುಚಿ ಗಟ್ಟಿ ಮಾಡುತ್ತಾರೆ. ಗಾಜಿನಾಚೆ ಜನ ನಿಂತು ನೋಡುತ್ತಾರೆ. ಮೈಸೂರಿಗೆ ಬಂದವರು ಮೈಸೂರುಪಾಕು ಕಟ್ಟಿಸಿಕೊಳ್ಳುವ ಹಾಗೆ ಇಲ್ಲಿ ಎಲ್ಲರ ಕೈಯಲ್ಲೂ ಫಜ್ ಡಬ್ಬಿ. ಒಂದು ಚೂರು ತಿಂದು ನೋಡಿದೆ. ತುಪ್ಪವಿಲ್ಲದ ಸಿಹಿಯ ಬಗ್ಗೆ ನಾನು ಅಭಿಪ್ರಾಯ ಹೇಳದಿರುವುದೇ ಒಳ್ಳೆಯದು.

ಸಂಜೆ ಹಡಗುಕಟ್ಟೆಯ ಬಳಿ ನಡೆಯುತ್ತಿದ್ದಾಗ ಕಿವಿಗೆ ಕನ್ನಡ ಬಿತ್ತು.

“ರೀ, ಪುಳಿಯೋಗರೆ ಡಬ್ಬಿ ಬೆಂಚ್ ಮೇಲೇ ಬಿಟ್ರಾ?”

“ಬ್ಯಾಗಲ್ಲಿದೆ ಕಣೇ. ನಡಿ ನಡಿ, ಲಾಸ್ಟ್ ಫೆರಿ!”

“ಮಾಮ್, ಐ ವಾಂಟ್ ಮೋರ್ ಫಜ್!”

ನನಗೆ ಮಾತಾಡಿಸುವ ಆಸೆ. ಅತ್ತಿಗೆ ಮಾತ್ರ ನನ್ನ ರಟ್ಟೆ ಹಿಡಿದು ಅಂಗಡಿಯ ಹಿಂದಕ್ಕೆ ಎಳೆದರು. “ನಮ್ಮ ಕಡೆ ಪ್ಲಿಮತ್ ಊರಿನೋರು ಜಯಾ! ಸಂಘದಲ್ಲಿ ನೋಡಿದೀನಿ. ಈ ಕಡೆ ತಿರುಗು. ಕಂಡರೆ ಜೊತೆಗೆ ಕರ್ಕೊಂಡು ಹೋಗದೆ ಬಿಡಲ್ಲ.” ಇಬ್ಬರು ಅರವತ್ತರ ಹೆಂಗಸರು ಕಸದ ಡಬ್ಬದ ಪಕ್ಕ ಗೋಡೆಗೆ ಮುಖ ಮಾಡಿ ನಿಂತೆವು. ಫೆರಿ ಕೂಗಿ ಹೊರಟ ಮೇಲೆ ಅತ್ತಿಗೆ ನಕ್ಕರು. “ಪ್ರತಿ ವರ್ಷವೂ ಹೀಗೇ. ನಿಮ್ಮಣ್ಣನೂ ನಾನೂ ಇದೇ ಗೋಡೆ ಹಿಂದೆ ನಿಲ್ತಿದ್ವಿ.” ನಗು ಅರ್ಧದಲ್ಲಿ ನಿಂತಿತು. ನಾನು ಅವರ ಕೈ ಹಿಡಿದುಕೊಂಡೆ.

ನೆಲಮಾಳಿಗೆ

ಕ್ಲಬ್ಬು ಇದ್ದದ್ದು ಒಂದು ಹಳೆಯ ಮರದ ಕಟ್ಟಡದ ನೆಲಮಾಳಿಗೆಯಲ್ಲಿ. ನಾನು ಕ್ಲಬ್ಬು ಎಂದರೆ ಏನೇನೋ ಕಲ್ಪಿಸಿಕೊಂಡು, ಸೀರೆಯ ಮೇಲೆ ಸ್ವೆಟರ್ ಗುಂಡಿ ಕತ್ತಿನವರೆಗೂ ಹಾಕಿಕೊಂಡಿದ್ದೆ. ಇಳಿದು ನೋಡಿದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಷ್ಟು ಜಾಗ. ತಗ್ಗಿದ ಛಾವಣಿ, ನಡುವೆ ಹಲಗೆಯ ನೆಲ, ಮೂಲೆಯಲ್ಲಿ ಕುಡಿಯಲು ಕೊಡುವ ಬಾರಿನ ಕಟ್ಟೆ. ಪ್ರವಾಸಿಗರು ಮಲಗಿದ ಮೇಲೆ ಇಲ್ಲಿಗೆ ಬರುವವರು ದ್ವೀಪದ ಕೆಲಸಗಾರರು. ಹೋಟೆಲಿನಲ್ಲಿ ಪಾತ್ರೆ ತೊಳೆದು ಬಂದವರು, ಹಾಸಿಗೆ ಹಾಸಿ ಬಂದವರು, ಗಾಡಿ ಹೊಡೆದು ಬಂದವರು. ಅರ್ಧ ಜನ ಬೇಸಿಗೆಯ ದುಡಿಮೆಗೆಂದು ಜಮೈಕದಿಂದ ಬಂದವರಂತೆ. ಕೆಲವರ ಮೈಯಲ್ಲಿ ಇನ್ನೂ ಕುದುರೆಯ ವಾಸನೆ ಇತ್ತು. ನಾನು ಸ್ವೆಟರಿನ ಮೇಲಿನ ಗುಂಡಿ ತೆಗೆದೆ.

ಅತ್ತಿಗೆ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು, ಕೈಚೀಲದಿಂದ ಎರಡು ಜೊತೆ ಹಸಿರು ಕ್ಯಾನ್ವಾಸ್ ಶೂ ತೆಗೆದರು. ಕುಣಿಯುವ ನೆಲ ಅವರಿಗೆ ದೇವರ ಸಮಾನ, ಬೀದಿಯ ಶೂ ಹಾಕಿಕೊಂಡು ಮೆಟ್ಟುವುದಿಲ್ಲ. ಮೊದಲ ವರ್ಷ ಇಬ್ಬರೂ ಶೂ ಬಿಚ್ಚಿ ಬರಿಗಾಲಲ್ಲಿ ಒಳಗೆ ಹೋದರಂತೆ. ಒಡೆದ ಗಾಜು ಚುಚ್ಚುತ್ತದೆ, ಬರಿಗಾಲಲ್ಲಿ ಬಿಡುವುದಿಲ್ಲ ಎಂದು ವಾಲ್ಟ್ ತಡೆದ. ಅಣ್ಣ ಯೋಚಿಸಿ ದಾರಿ ಹುಡುಕಿದ. ಮರು ವರ್ಷ ಬೀದಿಯನ್ನೇ ಕಾಣದ ಎರಡು ಜೊತೆ ಹೊಸ ಶೂ ಕೊಂಡು ತಂದ. ಅವು ಆ ನೆಲಕ್ಕೆ ಮಾತ್ರ. ವರ್ಷವಿಡೀ ಮಡಿಬಟ್ಟೆಯ ಹಾಗೆ ಬೇರೆ ಕಪಾಟಿನಲ್ಲಿ ಇರುತ್ತಿದ್ದವು.

“ನೀನು ಇವನ್ನ ಹಾಕ್ಕೋ,” ಎಂದು ದೊಡ್ಡ ಜೊತೆಯನ್ನು ನನ್ನ ಮುಂದಿಟ್ಟರು.

“ನಾನು ಯಾಕೆ? ನಾನು ಹೇಳೋದು ಹೇಳಿ ಕೂತಿರ್ತೀನಿ.”

“ಹೇಳಕ್ಕಾದ್ರೂ ನೆಲ ದಾಟಿ ಹೋಗ್ಬೇಕಲ್ಲ.”

ಅಣ್ಣನ ಶೂ ನನಗೆ ದೋಣಿಯಷ್ಟಾಯಿತು. ಬೆಂಚಿನ ಪಕ್ಕದ ಮೇಜಿನ ಮೇಲಿದ್ದ ಕಾಗದದ ಕರವಸ್ತ್ರಗಳನ್ನು ಉಂಡೆ ಕಟ್ಟಿ ಮುಂದೆ ತುರುಕಿಕೊಂಡೆ. ಒಳಗೆ ಅವನ ಹೆಬ್ಬೆರಳು ಒತ್ತಿ ಆದ ಗುಳಿ ನನ್ನ ಕಾಲಿಗೆ ತಗಲಿತು. ಇಡೀ ಮನೆಯಲ್ಲಿ ಇಷ್ಟು ದಿನ ಸಿಗದ ಅಣ್ಣ ಅಲ್ಲಿ ಸಿಕ್ಕ.

ಅತ್ತಿಗೆ ಹಲಗೆಯ ಅಂಚಿಗೆ ಬಂದು ನಿಂತರು. ಬಾರಿನ ಹಿಂದೆ ಹಾಡು ಹಾಕುತ್ತಿದ್ದ ಬಿಳಿ ಗಡ್ಡದ ಮುದುಕ ತಲೆ ಎತ್ತಿ ನೋಡಿ, ಕೈ ಚಾಚಿ ಸದ್ದು ತಗ್ಗಿಸಿದ. ಕುಣಿಯುವವರು ನಿಂತರು. ಅತ್ತಿಗೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರು ಎದ್ದ ಮೇಲೆ ಮುದುಕ ಮತ್ತೆ ಸದ್ದು ಏರಿಸಿದ. ಇದು ಅಲ್ಲಿನ ವಾಡಿಕೆಯೇ ಆಗಿಹೋಗಿತ್ತು. ನಮ್ಮ ಊರಿನ ಸಭಾಂಗಣಗಳಲ್ಲಿ ಮಂತ್ರಿಗಳು ಬಂದರೂ ಇಷ್ಟು ಮರ್ಯಾದೆಯಿಂದ ಮೈಕು ನಿಲ್ಲುವುದಿಲ್ಲ.

ಅವನೇ ವಾಲ್ಟ್. ಬಾರಿನ ಆಚೆಯಿಂದ ಬಂದು ಅತ್ತಿಗೆಯನ್ನು ತಬ್ಬಿಕೊಂಡ. ಜೂನಿನಲ್ಲಿ ಎಷ್ಟು ಕಾದೆ ಗೊತ್ತಾ ಎಂದ. ಅತ್ತಿಗೆ ನನ್ನ ಕಡೆ ಕೈ ತೋರಿಸಿ “ಹಿಸ್ ಸಿಸ್ಟರ್” ಎಂದಷ್ಟೇ ಹೇಳಿ, ಗೋಡೆಯ ಮೇಲಿನ ಯಾವುದೋ ಚಿತ್ರ ನೋಡತೊಡಗಿದರು. ವಾಲ್ಟ್ ನನ್ನ ಮುಖ ನೋಡಿದ, ಆಮೇಲೆ ಕಾಲು ನೋಡಿದ. ಹಸಿರು ಶೂ ಗುರುತಾಗಿ ಅವನ ಮುಖ ಅರಳಿತು.

“ಇವು ಅವನ ಶೂ! ಎಲ್ಲಿ ಅವನು? ಎಲ್ಲಿ ನಮ್ಮ ಶ್ರೀನಿ?”

ಅಣ್ಣನನ್ನು ಶ್ರೀನಿ ಎಂದು ಕರೆದವರನ್ನು ನಾನು ಕಂಡಿರಲಿಲ್ಲ. ವಾಲ್ಟ್ ಮೆಟ್ಟಿಲ ಕಡೆ ಕತ್ತು ಚಾಚಿ ನೋಡಿದ, ಅಣ್ಣ ಹಿಂದಿನಿಂದ ಇಳಿದು ಬರುತ್ತಿದ್ದಾನೆ ಎನ್ನುವ ಹಾಗೆ. ನಾನೂ ತಿರುಗಿ ನೋಡಿದೆ. ನಿಜ ಹೇಳುತ್ತೇನೆ, ಒಂದು ಕ್ಷಣ ನಾನೂ ಕಾದೆ.

ದಾರಿಯುದ್ದಕ್ಕೂ ಜೋಡಿಸಿಕೊಂಡ ವಾಕ್ಯ ನಾಲಿಗೆಯ ಮೇಲಿತ್ತು. ಹೇಳಿದರೆ ಮುಗಿಯಿತು. ಮೈಸೂರಿನಲ್ಲಿ ಅವನು ಸತ್ತಿದ್ದಾನೆ, ರಾಚೆಸ್ಟರ್ ಹಿಲ್ಸ್‌ನಲ್ಲಿ ಸತ್ತಿದ್ದಾನೆ, ನಾನೇ ಫೋನು ಮಾಡಿ ಎಲ್ಲ ಊರುಗಳಲ್ಲೂ ಸಾಯಿಸಿದ್ದೇನೆ. ಈ ಒಂದು ನೆಲಮಾಳಿಗೆಯಲ್ಲಿ ಅವನು ಬದುಕಿದ್ದ. ಬರುವುದು ತಡವಾಗಿದೆ, ಅಷ್ಟೇ.

“ಈ ವರ್ಷ ಅವನಿಗೆ ರಜ ಸಿಗಲಿಲ್ಲ,” ಎಂದೆ, ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ.

ಅತ್ತಿಗೆ ಗೋಡೆಯಿಂದ ತಟ್ಟನೆ ತಿರುಗಿದರು. ನಾನು ಅವರನ್ನು ನೋಡಲಿಲ್ಲ. ಅದು ಅಣ್ಣನದೇ ಮಾತು. ಹಬ್ಬಕ್ಕೆ ಬಾ ಎಂದರೆ, ನನ್ನ ಮಗನ ಮುಂಜಿಗೆ ಬಾ ಎಂದರೆ, ಫೋನಿನ ಆ ಕಡೆಯಿಂದ ರಜ ಸಿಗಲಿಲ್ಲ ಜಯಾ ಎನ್ನುತ್ತಿದ್ದ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವತ್ತು ಆ ಮಾತು ನನ್ನ ಬಾಯಲ್ಲಿ ಬಂದಾಗ ಅದಕ್ಕಿಂತ ಒಳ್ಳೆಯ ಮಾತು ಲೋಕದಲ್ಲೇ ಇಲ್ಲ ಅನ್ನಿಸಿತು.

ವಾಲ್ಟ್ ಅಣ್ಣನ ಆಫೀಸಿನವರನ್ನೆಲ್ಲ ಸೇರಿಸಿ ಬೈದ. ಹಾಗಾದರೆ ಅವನ ಹೆಸರಲ್ಲಿ ಒಂದು ಹಾಡು ಎಂದು ಕೂಗಿ ಹೇಳಿ, ಹೋಗಿ ಏನೋ ಹಾಕಿದ. ಅದರ ತಾಳ ಶುರುವಾದದ್ದೇ ತಡ, ಹಳಬರೆಲ್ಲ ಸಾಲಾಗಿ ನಿಂತರು. ಅಡುಗೆಮನೆಯ ಹೆಂಗಸು, ಗಾಡಿ ಹೊಡೆಯುವ ದಪ್ಪನೆಯವನು, ಇನ್ನಿಬ್ಬರು. ಎರಡು ಕೈ ಮುಂದೆ ಚಾಚಿ ಮುಷ್ಟಿ ಹಿಡಿದರು. ಮೈಯನ್ನು ಎಡಕ್ಕೆ ವಾಲಿಸಿದರು. ಬಲಗಾಲು ಎತ್ತಿ ಕೆಳಕ್ಕೆ ಒದ್ದರು. ಇನ್ನೊಂದು ಸಲ ಒದ್ದರು. ಮೂರನೆಯದಕ್ಕೆ ಮೈಯೆಲ್ಲ ಗಡಗಡ ನಡುಗಿಸಿ ಮುಂದಕ್ಕೆ ಹೊರಟರು.

“ಶ್ರೀನಿ ಸ್ಟೆಪ್,” ಎಂದ ವಾಲ್ಟ್ ನನ್ನ ಕಿವಿಯ ಬಳಿ.

ಅದು ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದವರು ನಾನು, ಅತ್ತಿಗೆ ಇಬ್ಬರೇ. ಅಣ್ಣನ ಹಳೆಯ ಸ್ಕೂಟರ್ ಅದು. ಮೈಸೂರಿನ ನಮ್ಮ ಓಣಿಯಲ್ಲಿ ಪ್ರತಿ ಬೆಳಿಗ್ಗೆ ಹೀಗೇ ಎಡಕ್ಕೆ ವಾಲಿಸಿ, ಹೀಗೇ ಒದೆಯುತ್ತಿದ್ದ. ಒಂದೇ ಸಲಕ್ಕೆ ಅದು ಎಂದೂ ಹೊತ್ತಿಕೊಂಡಿದ್ದಿಲ್ಲ. ನಾನು ಹಿಂದಿನ ಸೀಟಿನ ಮೇಲೆ ಪುಸ್ತಕ ಅಪ್ಪಿಕೊಂಡು ಕೂತು, ಬೇಗ ಅಣ್ಣ, ಪ್ರೇಯರ್ ಶುರುವಾಗುತ್ತೆ ಎನ್ನುತ್ತಿದ್ದೆ. ಈಗ ನನ್ನ ಮುಂದೆ ನಾಲ್ಕು ಜನ ಅಪರಿಚಿತರು ಅದನ್ನು ಒದೆಯುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ, ನಗುವೂ ತಡೆಯಲಾಗಲಿಲ್ಲ.

ಅತ್ತಿಗೆ ನನ್ನ ಕೈ ಹಿಡಿದು ಸಾಲಿಗೆ ಎಳೆದರು. ನಾನು ಎಡಕ್ಕೆ ವಾಲಿದೆ. ಒದ್ದೆ. ಎರಡನೆಯ ಒದೆತಕ್ಕೆ ದೊಡ್ಡ ಶೂ ಕಳಚಿ ಬಾರಿನವರೆಗೂ ಹಾರಿತು. ದಪ್ಪನೆಯ ಗಾಡಿಯವನು ಅದನ್ನು ತಂದು, ಮಂಡಿಯೂರಿ ನನ್ನ ಕಾಲಿಗೆ ಹಾಕಿ, ಹುರಿ ಬಿಗಿಯಾಗಿ ಕಟ್ಟಿಕೊಟ್ಟ. ಆಮೇಲೆ ನಾವು ಎಷ್ಟು ಹಾಡಿಗೆ ಕುಣಿದೆವೋ ನೆನಪಿಲ್ಲ. ಅತ್ತಿಗೆ ಕಣ್ಣು ಮುಚ್ಚಿಕೊಂಡು ಕುಣಿಯುತ್ತಿದ್ದರು. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು ಕುಣಿಯುತ್ತಿದ್ದರು.

ಹೊರಡುವಾಗ ವಾಲ್ಟ್ ಮೆಟ್ಟಿಲವರೆಗೂ ಬಂದ. ಮುಂದಿನ ಜೂನಿಗೆ ಅವನನ್ನು ಎಳೆದುಕೊಂಡಾದರೂ ಬರಬೇಕು ಎಂದ. “ಐ ವಿಲ್ ಟೆಲ್ ಹಿಮ್,” ಎಂದರು ಅತ್ತಿಗೆ. ಅವರ ಧ್ವನಿ ನಡುಗಲಿಲ್ಲ.

ಹೊರಗೆ ಸರೋವರದ ಗಾಳಿ ಚುಚ್ಚುತ್ತಿತ್ತು. ರಾತ್ರಿಗೆ ಹಿಡಿದಿದ್ದ ಹೋಟೆಲ್ ರೂಮಿನ ಕಡೆ ನಡೆದೆವು.

“ಜಯಾ, ನಿಜ ಹೇಳು ಅಂತ ತಾನೆ ನಿನ್ನ ಕರ್ಕೊಂಡ್ ಬಂದಿದ್ದು,” ಎಂದರು ಅತ್ತಿಗೆ.

“ಹೂಂ.”

“ಮುಂದಿನ ವರ್ಷ ಕೇಳಿದ್ರೆ ಏನ್ ಹೇಳೋಣ?”

“ರಜ ಸಿಗಲಿಲ್ಲ ಅನ್ನೋಣ.”

“ಅದರ ಮುಂದಿನ ವರ್ಷ? ಎಷ್ಟು ವರ್ಷ ಅಂತ ಇದನ್ನೇ ಹೇಳ್ತೀಯ?”

“ಅವನು ನಮಗೆ ಮೂವತ್ತು ವರ್ಷ ಹೇಳಲಿಲ್ವಾ ಅತ್ತಿಗೆ?” ಎಂದೆ.